ರಂಜಕ ಬೆರೆಸಿದ ಸಾಸು

ವಿಜಯಪುರ
೧೬ ಡಿಸೆಂಬರ್ ೨೦೨೫, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಶೈಲಾ,

ಹೇಗಿದ್ದೀಯ? ಬೂಟು ಕಚ್ಚಿ ಹಿಮ್ಮಡಿಯ ಮೇಲೆ ಎದ್ದಿದ್ದ ಬೊಬ್ಬೆ ಒಣಗಿತೇ? ನಸುಕಿನಲ್ಲಿ ಓಡಿಸುವಾಗ ಕಿವಿಗೆ ಏನಾದರೂ ಕಟ್ಟಿಕೊಳ್ಳಲು ಬಿಡುತ್ತಾರೋ ಇಲ್ಲವೋ ಎಂಬುದೇ ನನ್ನ ಚಿಂತೆ. ಥಂಡಿ ಗಾಳಿ ಹತ್ತಿದರೆ ನಿನಗೆ ಕಿವಿನೋವು ಬರುತ್ತದೆ. ಊಟ ಸೇರುತ್ತಿದೆಯೇ? ಅನ್ನ ಬಿಟ್ಟರೆ ಚಪಾತಿ, ರೊಟ್ಟಿಯ ಮುಖವನ್ನೇ ನೋಡಿಲ್ಲ ಎಂದಿದ್ದೆಯಲ್ಲ, ಅವ್ವ ಅದನ್ನು ಕೇಳಿದ ದಿನದಿಂದ ಕಟಕ ರೊಟ್ಟಿ ಬಡಿದು ಡಬ್ಬಿಗೆ ತುಂಬುತ್ತಿದ್ದಾಳೆ. ಹೇಗೆ ಕಳಿಸುವುದು, ದಾರಿಯಲ್ಲಿ ಎಲ್ಲ ಪುಡಿಯಾಗುತ್ತದೆ ಎಂದರೆ ಕೇಳುವುದಿಲ್ಲ. ಇಲ್ಲಿಯೂ ಚಳಿ ಜೋರಾಗಿದೆ. ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಾನು ಆರಾಮ, ಅವ್ವ ಆರಾಮ, ನೇತ್ರಾ ಈಗ ಆರಾಮ. ಆ 'ಈಗ' ಎಂಬ ಮಾತಿನ ಸಲುವಾಗಿಯೇ ಈ ಕಾಗದ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಭಾನುವಾರ ಪೊಲೀಸ್ ತರಬೇತಿ ಶಾಲೆಯವರು ನಿಮ್ಮ ಕೈಗೆ ಫೋನು ಕೊಡುವುದೇ ಒಂದಿಷ್ಟು ಹೊತ್ತು, ಅದರಲ್ಲಿ ಅರ್ಧ ನೇತ್ರಾಳ ಅಳುವಿಗೆ, ಇನ್ನರ್ಧ ಅವ್ವನಿಗೆ ಹೋಗುತ್ತದೆ. ನನ್ನ ಪಾಲಿಗೆ ಬರುವುದು 'ಇಡ್ತೇನ್ರಿ' ಎಂಬ ನಿನ್ನ ಕೊನೆಯ ಮಾತೊಂದೇ. ಮೊನ್ನೆ ಅವ್ವ ಎಂದಿನಂತೆ "ಕೂಸು ಉಣವಲ್ದವಾ, ಬಾ ಅಂದ್ರ ಬಂದಬಿಡು" ಎಂದಳು. ಅದಕ್ಕೆ ನೀನು, ತಿಂಗಳ ಕೊನೆಗೆ ರಾಜೀನಾಮೆ ಬರೆದುಕೊಟ್ಟು ಬಂದುಬಿಡುತ್ತೇನೆ ಎಂದೆ. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿದೆ, ನೇತ್ರಾಳೂ ಕೇಳಿದಳು. ನಾನು ಏನಾದರೂ ಹೇಳುವುದರೊಳಗೆ ನಿನ್ನ ಸರದಿ ಮುಗಿದು ಫೋನು ಕಟ್ಟಾಯಿತು. ಆ ದಿನ ಮಧ್ಯಾಹ್ನ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಹೇಳಲು ಮುಂದಿನ ಭಾನುವಾರದವರೆಗೆ ಕಾಯಲು ಮನಸ್ಸು ಒಪ್ಪಲಿಲ್ಲ. ತಿಕೋಟಾಕ್ಕೆ ಕೆಲಸಕ್ಕೆ ಹೋಗುವ ಮುನ್ನ ಸ್ಪೀಡ್ ಪೋಸ್ಟ್ ಮಾಡಿ ಹೋಗೋಣವೆಂದು ಚಹಾ ಕುಡಿದವನೇ ಬರೆಯಲು ಕುಳಿತಿದ್ದೇನೆ.

ನೀನು ತರಬೇತಿಗೆ ಹೊರಡುವ ಹಿಂದಿನ ಸಂಜೆ ನಾವು ಮೂವರೂ ಆ ಹೊಸ ಅಂಗಡಿಗೆ ಹೋಗಿದ್ದು ನಿನಗೆ ನೆನಪಿರಲೇಬೇಕು. ಜಪಾನದ ತಿಂಡಿಯಂತೆ, ಸುಶಿಯಂತೆ. ಕಡಲಪಾಚಿಯ ಕಪ್ಪು ಹಾಳೆಯಲ್ಲಿ ಅನ್ನ ಸುತ್ತಿ, ನಡುವೆ ಸೌತೆಕಾಯಿ ಇಟ್ಟು, ಚಕ್ಕುಲಿಯ ಡಬ್ಬಿಯಂಥ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿ ಕೊಟ್ಟಿದ್ದರು. ನೀನು ಒಂದನ್ನು ಬಾಯಿಗಿಟ್ಟುಕೊಂಡು "ಅನ್ನಕ್ಕ ರೇನಕೋಟ್ ಹಾಕ್ಯಾರ" ಎಂದು ನಕ್ಕಿದ್ದೆ. ಜೊತೆಗೊಂದು ಪುಟ್ಟ ಬಟ್ಟಲಲ್ಲಿ ಕಿತ್ತಳೆ ಬಣ್ಣದ ದಪ್ಪನೆಯ ಸಾಸು. ಮೊದಲು ಬೆಣ್ಣೆಯ ಹಾಗೆ ನುಣ್ಣಗೆ, ಆಮೇಲೆ ಹುಳಿ, ಎಲ್ಲ ಮುಗಿಯಿತು ಎನ್ನುವಾಗ ನಾಲಿಗೆಯ ತುದಿಗೆ ಖಾರ. ನೇತ್ರಾ ಅನ್ನ ಬಿಟ್ಟು ಬರೀ ಆ ಸಾಸನ್ನೇ ಬೆರಳಲ್ಲಿ ನೆಕ್ಕಿದಳು. ನೀನು ನಿನ್ನ ಓಢಣಿಯಿಂದ ಅವಳ ಗದ್ದ ಒರೆಸಿದೆ. ಮರುದಿನ ನಸುಕಿಗೆ ಅವಳು ಏಳುವ ಮೊದಲೇ ನೀನು ಬಸ್ಸು ಹತ್ತಿದ್ದೆ.

ಅಲ್ಲಿಂದ ಅವಳ ಊಟ ಕಡಿಮೆಯಾಗುತ್ತ ಬಂತು. ನಿನಗೆ ಪೂರ್ತಿ ತಿಳಿಸಿರಲಿಲ್ಲ, ಅವ್ವ ಹೇಳಿದ್ದಷ್ಟೇ ನಿನಗೆ ಗೊತ್ತು. ಅವ್ವ ಮಾಡದ್ದಿಲ್ಲ: ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾದ ಹೋಳಿಗೆ, ತುಪ್ಪ ಸುರಿದ ಮಾದಲಿ. ಎಲ್ಲದಕ್ಕೂ ಎರಡು ತುತ್ತು, ಆಮೇಲೆ ತಲೆ ಅಲ್ಲಾಡಿಸುವುದು. ಡಾಕ್ಟರಿಗೆ ತೋರಿಸಿದೆ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದರು. ಬಬಲೇಶ್ವರದಿಂದ ನಿಮ್ಮ ಅಪ್ಪ ಶಿವಯೋಗೆಪ್ಪ ಮಾವನವರು ಬಂದು, ತವರಿನ ಕಡೆ ನಾಲ್ಕು ದಿನ ಇದ್ದರೆ ಸರಿಹೋದಾಳೆಂದು ಕರೆದುಕೊಂಡು ಹೋದರು. ಅವರು ಸಂತೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಭಜಿ, ಚುರುಮುರಿ, ಪೇರಲಹಣ್ಣು ಏನೆಲ್ಲ ಕೊಡಿಸಿದರೂ ಹೋದ ಹಾಗೆಯೇ ವಾಪಸ್ಸು ಬಂದಳು. ಜೀಪಿನಿಂದ ಇಳಿಸುವಾಗ ಅವರ ಮುಖವೇ ಸಣ್ಣದಾಗಿತ್ತು. "ನಮ್ಮ ಮನ್ಯಾಗ ಒಂದ ಬಟ್ಟಲ ಅನ್ನಾನೂ ಮುಗಸಲಿಲ್ಲಪಾ" ಎಂದರು. ಏನು ಬೇಕು ಮಗಳೇ ಎಂದು ನಾನು ಕೇಳಿದಾಗೆಲ್ಲ ಅವಳದು ಒಂದೇ ಉತ್ತರ: "ಮಮ್ಮಿ ಜೋಡಿ ತಿಂದಿದ್ದೆನಲ್ಲ, ಆ ಸಾಸ್."

ತರಲು ಹೋದರೆ ಆ ಅಂಗಡಿಯೇ ಇಲ್ಲ, ಶೈಲಾ. ನಮ್ಮ ಊರಿನ ಮಂದಿ ಒಂದು ಸಲ ನೋಡಲು ಹೋದರೇ ಹೊರತು ಎರಡನೆಯ ಸಲ ತಿನ್ನಲು ಹೋಗಲಿಲ್ಲ ಎಂದು ಕಾಣುತ್ತದೆ. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಅವರಿಗೆ ಹಳೆಯ ಅಂಗಡಿಯವರ ಗುರುತೂ ಇಲ್ಲ. ಬರಿಗೈಯಲ್ಲಿ ಬಂದವನು ಪಕ್ಕದ ಮನೆಯ ಜುಲೇಖಾ ಚಾಚಿಯ ಎದುರು ನನ್ನ ಪಾಡು ಹೇಳಿಕೊಂಡೆ. ಅವರು ತಮ್ಮ ಮೊಮ್ಮಕ್ಕಳಿಗೆ ಏನೇನೋ ಹೊಸ ತಿಂಡಿ ಮಾಡಿಕೊಡುತ್ತಿರುತ್ತಾರಲ್ಲ. ರುಚಿ ವಿವರಿಸಿದ ಕೂಡಲೇ ಚಾಚಿ ನಕ್ಕುಬಿಟ್ಟರು. "ಅದು ಮಯೋನೀಸ್ ಅಲ್ಲೇನಪಾ! ಅದಕ್ಕ ಖಾರ ಕಲಿಸ್ಯಾರ, ಅಷ್ಟ. ನಾವು ತತ್ತಿ ಹಾಕಿ ಮಾಡ್ತೇವಿ. ನಿಮ್ಮ ಅವ್ವಗ ತತ್ತಿ ನಡಿಯಂಗಿಲ್ಲ, ನೀ ಹಾಲಿಲೆ ಮಾಡು. ಹಾಲ ತಣ್ಣಗಿರಬೇಕು. ಎಣ್ಣಿ ಮಾತ್ರ ಹನಿ ಹನಿ ಬಿಡು, ಅವಸರ ಮಾಡಿದಿ ಅಂದ್ರ ಒಡೀತೈತಿ." ನಾನೇ ಮಾಡಿಕೊಡುತ್ತೇನೆ ಎಂದೂ ಅಂದರು. ಬೇಡ ಚಾಚಿ, ನಾನೇ ಮಾಡುತ್ತೇನೆ ಎಂದೆ. ಏಕೆ ಹಾಗೆಂದೆನೋ ಗೊತ್ತಿಲ್ಲ. ನೀನಿಲ್ಲದಾಗ ಮಗಳಿಗೆ ಒಂದು ತುತ್ತನ್ನಾದರೂ ನನ್ನ ಕೈಯಾರೆ ಮಾಡಿ ಉಣಿಸಬೇಕು ಎನಿಸಿತ್ತು.

ಚಹಾ ಬಿಟ್ಟು ಬೇರೇನೂ ಮಾಡಿ ಗೊತ್ತಿಲ್ಲದ ನನ್ನ ಅಡುಗೆಯನ್ನು ನೀನು ನೋಡಬೇಕಿತ್ತು. ಮೊದಲ ಸಲ ಒಲೆಯಿಂದ ಇಳಿಸಿದ ಹಾಲು ಇನ್ನೂ ಬೆಚ್ಚಗಿತ್ತು. ಎಣ್ಣೆ ಮೇಲೆ, ಹಾಲು ಕೆಳಗೆ, ನಡುವೆ ಮೊಸರೊಡೆದ ಹಾಗೆ ಬಿಳಿ ಚೂರು. ಎರಡನೆಯ ಸಲ ಹಾಲು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದೆ, ಆದರೆ ಮನೆಯಲ್ಲಿದ್ದ ಗಾಣದ ಶೇಂಗಾ ಎಣ್ಣೆಯನ್ನೇ ಸುರಿದೆ. ಗಟ್ಟಿಯೇನೋ ಆಯಿತು, ಬಾಯಿಗಿಟ್ಟರೆ ಚಟ್ನಿಪುಡಿಗೆ ಹಾಕಿದ ಎಣ್ಣೆ ಕುಡಿದ ಹಾಗಿತ್ತು. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಹಾಲ ಹಾಳ, ಎಣ್ಣಿ ಹಾಳ, ಕರೆಂಟ್ ಹಾಳ" ಎಂದು ಹೋದಳು. ಮೂರನೆಯ ಸಲಕ್ಕೆ ಸೂರ್ಯಕಾಂತಿ ಎಣ್ಣೆ ತಂದೆ. ಹನಿ ಹನಿಯಾಗಿ ಬಿಡಲು ನನ್ನ ಕೈ ನಿಲ್ಲುತ್ತಿರಲಿಲ್ಲ, ಚಮಚೆಯಿಂದ ಒಮ್ಮೆಲೇ ಸುರಿದುಹೋಗುತ್ತಿತ್ತು. ಆಗ ಹೊಳೆಯಿತು: ದ್ರಾಕ್ಷಿ ತೋಟಗಳಿಗೆ ಹನಿ ನೀರಿನ ಪೈಪು ಜೋಡಿಸುವುದೇ ನನ್ನ ಉದ್ಯೋಗ, ಮನೆಯ ಬಟ್ಟಲಿಗೆ ಹನಿ ಬಿಡಲು ಒದ್ದಾಡುತ್ತಿದ್ದೇನಲ್ಲ! ತಿಕೋಟಾದ ನಮ್ಮ ಅಂಗಡಿಯಿಂದ ಹೊಸ ಸಣ್ಣ ನಳಿಯ ತುಂಡೊಂದನ್ನು ತಂದು, ಕುದಿಯುವ ನೀರಿನಲ್ಲಿ ತೊಳೆದು, ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಸಿಕ್ಕಿಸಿದೆ. ಬಾಟಲಿ ಮೆಲ್ಲಗೆ ಹಿಸುಕಿದರೆ ದಾರದಂಥ ಎಣ್ಣೆ. ಮಿಕ್ಸಿ ತಿರುಗುತ್ತಿದ್ದ ಹಾಗೆ ಅದರ ಸದ್ದು ಬದಲಾಯಿತು, ಶೈಲಾ. ನೀರು ತಿರುಗುವ ಸದ್ದು ಹೋಗಿ ಬೆಣ್ಣೆ ಕಡೆಯುವ ಸದ್ದು ಬಂತು. ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ, ದಪ್ಪಗೆ, ಚಮಚೆ ನಿಲ್ಲುವಂಥ ಕೆನೆ. ಲಿಂಬೆಹಣ್ಣು ಹಿಂಡಿದ ಮೇಲೆ ಇನ್ನಷ್ಟು ಗಟ್ಟಿಯಾಯಿತು. ಒಬ್ಬನೇ ನಿಂತು ನಕ್ಕೆ.

ಇನ್ನು ಖಾರ. ಕೆಂಪು ಖಾರದಪುಡಿ ಕಲಿಸಿದೆ, ಹಸಿ ವಾಸನೆ, ನಾಲಿಗೆಗೆ ಮರಳು. ಮಸಾಲೆ ಖಾರ ಹಾಕಿದೆ, ಬದನೆಕಾಯಿ ಪಲ್ಯದ ಘಮ ಬಂತು. ಬೇಕರಿಯಿಂದ ಕೆಂಪು ಸಾಸಿನ ಬಾಟಲಿ ತಂದೆ, ಬರೀ ಸಿಹಿ. ನೇತ್ರಾ ಪ್ರತಿ ಸಲವೂ ಬೆರಳದ್ದಿ, ದೊಡ್ಡವರ ಹಾಗೆ ಕಣ್ಣು ಮುಚ್ಚಿ ನೋಡಿ, "ಅದಲ್ಲ ಪಪ್ಪಾ" ಎನ್ನುತ್ತಿದ್ದಳು. ಅಷ್ಟರಲ್ಲಿ ಪಡಸಾಲೆಯಲ್ಲಿ ಅವ್ವ ಹೊಸ ರಂಜಕ ಹಾಕುತ್ತಿದ್ದಳು. ಮಾವನವರು ಬಬಲೇಶ್ವರದ ಸಂತೆಯಿಂದ ತಂದುಕೊಟ್ಟಿದ್ದ ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆರಸ ಹಾಕಿ ರುಬ್ಬಿ ಭರಣಿಗೆ ತುಂಬುತ್ತಿದ್ದಳು. ಆ ವಾಸನೆ ಬಂದ ಕೂಡಲೇ ನನಗೆ ಗೊತ್ತಾಯಿತು, ಬೇಕಾದದ್ದು ಇದೇ. ಆದರೆ ಕೇಳಲು ಹಿಂಜರಿಕೆ. ನೀನು ಹೋದಾಗಿನಿಂದ ಅವ್ವ ನನ್ನೊಡನೆ ಅಷ್ಟಕ್ಕಷ್ಟೇ. ಹೆಣ್ಣುಮಗಳು ಲಾಠಿ ಹಿಡಿಯುವುದೆಂದರೇನು ಎಂದು ಅವಳು ಆಗಲೇ ಅಂದಿದ್ದಳಲ್ಲ. ಕಳಿಸಿಕೊಟ್ಟವನು ನಾನು ಎಂಬ ಸಿಟ್ಟು ಇನ್ನೂ ಇತ್ತು. ಅವಳ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ನಾನು ಬೆಳಿಗ್ಗೆ ತಿಕೋಟಾ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಇಡೀ ದಿನ ಉಣ್ಣದ ಕೂಸಿನ ಎದುರು ಕೂತಿರುವವಳು ಅವಳು. ಅವಳಿಗೆ ಹೆದರಿಕೆಯಾಗಿತ್ತು.

"ಬೇ ಯವ್ವಾ, ಒಂದ ಚಮಚೆ ರಂಜಕ ಕೊಡ್ತೀ ಏನ?" ಎಂದೆ. ಅವಳು ನನ್ನನ್ನೂ ನನ್ನ ಕೈಯಲ್ಲಿದ್ದ ಬಿಳಿ ಬಟ್ಟಲನ್ನೂ ನೋಡಿದಳು. "ಹೊಸಾದು ಬ್ಯಾಡ, ಇನ್ನೂ ಕಳಿತಿಲ್ಲ. ಕೂಸಿಗೆ ಬೀಜ ಗಂಟಲಕ್ಕ ಹತ್ತತಾವ" ಎಂದು ಎದ್ದಳು. ಹೋದ ವರ್ಷದ ಭರಣಿ ತೆಗೆದು, ತೆಳ್ಳನೆಯ ಅರಿವೆಯಲ್ಲಿ ಹಾಕಿ ಹಿಂಡಿ, ಕೆಂಪು ರಸವಷ್ಟನ್ನೇ ಬಟ್ಟಲಿಗೆ ಬಿಟ್ಟಳು. ಚೂರು ಬೆಲ್ಲ ಕೆರೆದು ಹಾಕಿದವಳೂ ಅವಳೇ. ಕಲಿಸುತ್ತ ಹೋದ ಹಾಗೆ ಬಿಳಿಯದು ಕಿತ್ತಳೆಯಾಯಿತು. ಇಬ್ಬರೂ ಬೆರಳಲ್ಲಿ ನೆಕ್ಕಿ ನೋಡಿದೆವು. ಅವ್ವ ಮತ್ತೊಮ್ಮೆ ನೆಕ್ಕಿದಳು.

ಇದು ಮೊನ್ನೆ ಭಾನುವಾರ, ನಿನ್ನ ಫೋನು ಬಂದುಹೋದ ಮೇಲಿನ ಮಾತು. ಮಧ್ಯಾಹ್ನ ಸುಶಿಯನ್ನೂ ಮಾಡಿದೆ. ಕಪ್ಪು ಹಾಳೆಯನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಪೊಟ್ಟಣ ಬಿಚ್ಚಿದಾಗ ಅವ್ವ, "ಕಾರ್ಬನ್ ಹಾಳಿ ಯಾಕ ತರಸೀದೀ?" ಎಂದಳು. ಅಕ್ಕಿಗೆ ನೀರು ಹೆಚ್ಚು ಹಾಕಿ ಮೆತ್ತಗೆ ಅನ್ನ ಮಾಡಿ, ಲಿಂಬೆರಸ, ಸಕ್ಕರೆ ಬೆರೆಸಿ, ಸೌತೆಕಾಯಿ, ಗಜ್ಜರಿ, ಪನೀರು ಇಟ್ಟು ಸುತ್ತಿದೆ. ಕೊಯ್ದರೆ ಕೆಲವು ಗುಂಡಗೆ, ಕೆಲವು ಕೈಮುರಿದವರ ಬ್ಯಾಂಡೇಜಿನ ಹಾಗೆ. ನೇತ್ರಾಳನ್ನು ಕೂರಿಸಿ ತಟ್ಟೆ ಎದುರಿಗಿಟ್ಟೆ. ಅವಳು ಸುಶಿಯ ಕಡೆ ನೋಡಲೇ ಇಲ್ಲ, ಬೆರಳನ್ನು ನೇರ ಸಾಸಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ತೆರೆದಾಗ ಆ ಮುಖವನ್ನು ನೀನು ನೋಡಬೇಕಿತ್ತು. "ಅದ ಐತಿ ಪಪ್ಪಾ! ಅದ ಐತಿ!" ನಾನು ಗೆದ್ದೆ ಎಂದುಕೊಂಡೆ. ಎರಡನೆಯ ಸಲ ಬೆರಳು ಬಟ್ಟಲಿನವರೆಗೆ ಹೋಯಿತು, ಅಲ್ಲಿಯೇ ನಿಂತಿತು. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡು ತಟ್ಟೆಯನ್ನು ದೂರ ನೂಕಿದಳು. "ಒಲ್ಲೆ."

ಖಾರವಾಯಿತೇ ಎಂದೆ. ತಲೆ ಅಲ್ಲಾಡಿಸಿದಳು. ಹೊಟ್ಟೆ ನೋಯುತ್ತದೆಯೇ ಎಂದೆ. ಅದಕ್ಕೂ ಇಲ್ಲ. ಅಳಲು ಶುರು ಮಾಡಿದಳು. "ನಾ ಉಂಡ್ರ ಮಮ್ಮಿ ಬರಂಗಿಲ್ಲ" ಎಂದಳು. ಆಮೇಲೆ ಒಂದೇ ಉಸಿರಿನಲ್ಲಿ ಎಲ್ಲ ಹೊರಗೆ ಬಂತು: "ಕೂಸು ಉಣವಲ್ದು, ಬಾ ಅಂತ ಆಯಿ ಫೋನಿನ್ಯಾಗ ಹೇಳ್ತಾಳ. ಮಮ್ಮಿ ಬರ್ತೇನಿ ಅಂದಾಳ. ಈಗ ನಾ ಉಂಡಬಿಟ್ರ ಮಮ್ಮಿ ಅಲ್ಲೇ ಇರ್ತಾಳ."

ಶೈಲಾ, ಅವಳಿಗೆ ಹಸಿವಿತ್ತು. ಇಷ್ಟು ದಿನವೂ ಹಸಿವಿತ್ತು. ಮೊದಮೊದಲು ನಿನ್ನ ನೆನಪಿಗೆ ಊಟ ಸೇರದಿದ್ದದ್ದು ನಿಜವೇ ಇರಬೇಕು. ಅವ್ವನ ಮಾತು ಕಿವಿಗೆ ಬಿದ್ದ ಮೇಲೆ, ತಾನು ಉಣ್ಣದಿದ್ದರೆ ನೀನು ಬರುತ್ತೀಯ ಎಂದು ಲೆಕ್ಕ ಹಾಕಿ, ಬೆಣ್ಣೆ ರೊಟ್ಟಿಯ ಎದುರಿಗೂ ಹೋಳಿಗೆಯ ಎದುರಿಗೂ ಬಾಯಿ ಬಿಗಿಹಿಡಿದು ಕುಳಿತಿದ್ದಳು ಆ ಆರು ವರ್ಷದ ಹುಡುಗಿ. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

ಅವಳು ಬೈಯಲೂ ಇಲ್ಲ, ಅಳಲೂ ಇಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಬಂದು ನೇತ್ರಾಳ ಪಕ್ಕ ಕುಳಿತು, ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು. "ನನ್ನ ಮಾತ ಕೇಳಿ ಹಸದ ಕುಂತಿದ್ದೇನ ನನ್ನವ್ವಾ? ನಾ ಹಂಗ ಹೇಳಬಾರದಿತ್ತು. ನಿಮ್ಮವ್ವ ಕಲ್ಯಾಕ ಹೋಗ್ಯಾಳ, ನೀ ಸಾಲಿಗೆ ಹೋದಂಗ. ನೀ ಸಾಲಿ ನಡಕ ಬಿಟ್ಟ ಮನಿಗೆ ಓಡಿ ಬಂದ್ರ ನಿಮ್ಮ ಟೀಚರ ಏನಂತಾರ?" ಎಂದಳು. ನೇತ್ರಾ ಮೂಗು ಒರೆಸಿಕೊಂಡಳು. "ಬೆಲ್ ಹೊಡದ ಮ್ಯಾಲ ಹೋಗು ಅಂತಾರ." "ಹಾಂ, ನಿಮ್ಮವ್ವನ ಸಾಲಿದೂ ಬೆಲ್ ಹೊಡೀತೈತಿ. ಆವಾಗ ಬರ್ತಾಳ. ನೀ ಉಂಡ್ರೂ ಬರ್ತಾಳ, ಉಣದಿದ್ರೂ ಬರ್ತಾಳ. ಉಂಡಿದ್ರ ಎತ್ತಿಕೊಳ್ಳಾಕ ಭಾರ ಆಗಿರ್ತೀ, ಅಷ್ಟ ಫರಕ."

ಇಷ್ಟು ಹೇಳಿ ಅವ್ವ ಮಾಡಿದ್ದೇನು ಗೊತ್ತೇ? ಬ್ಯಾಂಡೇಜಿನ ಹಾಗಿದ್ದ ಒಂದು ಸುಶಿಯನ್ನು ಎತ್ತಿ, ಸಾಸಿನಲ್ಲಿ ಪೂರಾ ಮುಳುಗಿಸಿ, ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ನಾವಿಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದೆವು. "ಹಾಳಿ ಕೆಟ್ಟೈತಿ. ಸಾಸ್ ಛಲೋ ಆಗೇತಿ" ಎಂದಳು. ನೇತ್ರಾಳಿಗೆ ನಗು ಬಂತು; ಅಳುತ್ತಿದ್ದವಳಿಗೆ ನಗು ತಡೆಯಲಾಗದೆ ಬಿಕ್ಕಳಿಕೆ ಹತ್ತಿತು. ಆಮೇಲೆ ಅವಳಾಗಿಯೇ ತಟ್ಟೆ ಎಳೆದುಕೊಂಡಳು. ಎರಡು ಸುಶಿ ತಿಂದವಳು ಅದನ್ನು ಬಿಟ್ಟು, "ಆಯಿ, ಬಿಸಿ ರೊಟ್ಟಿ ಮಾಡು" ಎಂದಳು. ಅವ್ವ ಅವಸರದಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿದಳು. ರೊಟ್ಟಿಗೆ ಸಾಸು ಸವರಿ ಸವರಿ ಉಂಡಳು ನಿನ್ನ ಮಗಳು. ಇನ್ನೊಂದು ಕೇಳಿ ಅದನ್ನೂ ಉಂಡಳು. ಉಳಿದ ಸುಶಿಯೆಲ್ಲ ನನ್ನ ಪಾಲಿಗೆ ಬಂತು. ನಿನ್ನೆಯೂ ಡಬ್ಬಿಗೆ ಅದೇ. ತಿಕೋಟಾದಲ್ಲಿ ಅಂಗಡಿಗೆ ಬಂದಿದ್ದ ದ್ರಾಕ್ಷಿ ತೋಟದವರೊಬ್ಬರಿಗೆ ಕೊಟ್ಟೆ. ಅವರು ಹಾಳೆ ಸುಲಿದು ಬದಿಗಿಟ್ಟು ಅನ್ನವಷ್ಟನ್ನೇ ತಿಂದು, ಮೊಸರನ್ನ ಹುಳಿಯಾಗಿದೆ ಎಂದರು.

ನಿನ್ನೆ ಬೆಳಿಗ್ಗೆ ಶಾಲೆಗೆ ಹೋಗುವಾಗ ನೇತ್ರಾ ಉಪ್ಪಿಟ್ಟು ಖಾಲಿ ಮಾಡಿದಳು, ಇವತ್ತೂ ಮಾಡಿದ್ದಾಳೆ. ಒಂದೆರಡು ಸಲ ನಿನ್ನನ್ನು ನೆನೆದು ಮುಖ ಸಣ್ಣ ಮಾಡುತ್ತಾಳೆ, ಇಲ್ಲ ಎನ್ನುವುದಿಲ್ಲ. ಅದು ಇರುವುದೇ. ನನಗೂ ಇದೆ. ಆದರೆ ಹೊಟ್ಟೆ ತುಂಬಿಸಿಕೊಂಡು ನೆನೆಯುತ್ತಾಳೆ. ಜುಲೇಖಾ ಚಾಚಿಗೆ ಒಂದು ಬಟ್ಟಲು ಸಾಸು ಕೊಟ್ಟು ಬಂದೆ. ಅವರ ಮನೆಯಲ್ಲಿ ಕಬಾಬಿಗೆ ಹಚ್ಚಿಕೊಂಡು ತಿಂದರಂತೆ, ಅಬ್ದುಲಸಮದ ಚಾಚಾ ಮತ್ತೊಂದು ಬಟ್ಟಲು ಕಳಿಸು ಎಂದಿದ್ದಾರೆ. ಬರುವ ಭಾನುವಾರ ಹೆಚ್ಚಿಗೆ ಮಾಡಬೇಕು.

ನೀನು ಕಾಲು ನೋಡಿಕೊ. ಓಟದಲ್ಲಿ ಮುಂದೆ ಬರಲೇಬೇಕೆಂದು ಬೊಬ್ಬೆಯ ಮೇಲೆ ಓಡಬೇಡ. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ನಮಸ್ಕಾರ ಹೇಳು. ಮಾವನವರು ನಿನ್ನೆ ಫೋನು ಮಾಡಿದ್ದರು, ಮೊಮ್ಮಗಳು ಉಂಡಳೆಂದು ಕೇಳಿ ಎರಡು ಸಲ "ಹೌದೇನ?" ಎಂದರು, ತವರಿನವರೆಲ್ಲರ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ನೇತ್ರಾ ಶಾಲೆಗೆ ಹೋಗುವ ಮುನ್ನ ಕಾಗದಕ್ಕೆ ಮುತ್ತು ಕೊಟ್ಟಿದ್ದಾಳೆ. ಮೂಲೆಯಲ್ಲಿ ಕಾಣುವ ಕಲೆ ಉಪ್ಪಿಟ್ಟಿನ ಎಣ್ಣೆಯದು.

ನಿನ್ನವನೇ ಆದ,
ಸಂಗನಬಸವ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವ ಬಂದು ಎದುರಿಗೆ ಕುಳಿತಿದ್ದಾಳೆ. ಬಸ್ಸಿಗೆ ಹೊತ್ತಾಯಿತು ಎಂದರೂ ಏಳುತ್ತಿಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: "ಶೈಲಾ, ರಾಜೀನಾಮಿ ಕೊಡಬ್ಯಾಡ. ಬರದ ಇಟ್ಟಿದ್ರ ಹರದ ಒಗಿ. ಕೂಸನ್ನ ನಾ ನೋಡ್ಕೋತೇನಿ. ಬಾ, ಬಾ ಅಂತ ಅಂದಿದ್ದು ಬರೀ ಕೂಸಿನ ಸಲುವಾಗಿ ಅಲ್ಲ, ನೀ ಇಲ್ಲದ ಮನ್ಯಾಗ ನನಗೂ ಹೊತ್ತ ಹೋಗವಲ್ದು. ಅದನ್ನ ನೀ ಮನಸಿಗೆ ಹಚ್ಚಕೋಬ್ಯಾಡ. ಪೂರಾ ಕಲತ ಬಾ." ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದಳು. ನನ್ನದೂ ಅದೇ ಮಾತು, ಶೈಲಾ.